ನಮ್ಮೂರಿನ ದುಡ್ಡು, ನಮ್ಮೂರಿನ ಕೆಲಸ: ತುಮಕೂರು ಸೀಮೆಯಲ್ಲಿ ಕೊಡುವವರೂ ಪಡೆಯುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಒಂದು ಚಿಕ್ಕ ಸೇವಾ ಸಂಸ್ಥೆಯಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅರ್ಧ ದಿನ ಹಳ್ಳಿಗಳಲ್ಲಿ ಓಡಾಟ, ಇನ್ನರ್ಧ ದಿನ ಕೊಡುವ ಮನಸ್ಸಿರುವವರ ಜೊತೆ ಮಾತು. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಪಕ್ಕದ ಎಲೆಯವರು ಮೆಲ್ಲಗೆ ಕೇಳುತ್ತಾರೆ: "ನಾವೂ ಏನಾದ್ರೂ ಮಾಡ್ಬೇಕು ಅಂತಿದೀವಿ, ಎಲ್ಲಿ ಕೊಡೋದು?" ಹಾಗೆ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರದ ಗೆಳೆಯರಿಗೂ ಇವೇ ಪ್ರಶ್ನೆಗಳು ಬರುತ್ತವಂತೆ. ಹಾಗಾಗಿ ಮೂರೂ ಜಿಲ್ಲೆ ಸೇರಿಸಿಯೇ ಉತ್ತರ ಕೊಡುತ್ತೇನೆ.

ಇದೆಲ್ಲ ನಮ್ಮ ಕಡೆ ಮೊದಲಿನಿಂದಲೂ ಇತ್ತಾ, ಕಂಪನಿಗಳು ಬಂದ ಮೇಲೆ ಶುರುವಾಯಿತಾ?

ಮೊದಲಿನಿಂದಲೂ ಇತ್ತು. ಬೇಸಿಗೆಯಲ್ಲಿ ನೀರು ಮಜ್ಜಿಗೆ ಕೊಡುವ ಅರವಟ್ಟಿಗೆ, ಊರಿಂದೂರಿಗೆ ಹೋಗುವವರು ತಂಗುವ ಛತ್ರ, ದನಕ್ಕೆ ನೀರಿನ ತೊಟ್ಟಿ. ಇವನ್ನೆಲ್ಲ ಊರವರೇ ಕೈಯಿಂದ ಹಾಕಿ ಮಾಡಿಕೊಂಡರು.

ಸಿದ್ಧಗಂಗಾ ಮಠವನ್ನೇ ನೋಡಿ. ಡಾ. ಶಿವಕುಮಾರ ಸ್ವಾಮೀಜಿ 1941ರಲ್ಲಿ ಮಠದ ಹೊಣೆ ಹೊತ್ತರು. 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಅನ್ನ, ಅಕ್ಷರ, ಆಶ್ರಯ, ಈ ಮೂರು ದಾಸೋಹವನ್ನು ಅಷ್ಟೂ ವರ್ಷ ನಡೆಸಿದರು. ಸುಮಾರು ಹತ್ತು ಸಾವಿರ ಮಕ್ಕಳು ಅಲ್ಲಿ ಉಂಡು, ಉಳಿದು, ಓದುತ್ತಾರೆ. ಜಾತಿ ಧರ್ಮ ಕೇಳುವುದಿಲ್ಲ. ಅಷ್ಟು ಮಕ್ಕಳ ತಟ್ಟೆ ತುಂಬಿದ್ದು ಹೇಗೆ? ಸುತ್ತಲಿನ ಹಳ್ಳಿಗಳ ರೈತರು ಸುಗ್ಗಿ ಮುಗಿದ ಮೇಲೆ ರಾಗಿ ತಂದರು, ತೆಂಗಿನಕಾಯಿ ತಂದರು, ತರಕಾರಿ ತಂದು ಇಳಿಸಿದರು. ಕೊಟ್ಟವರಲ್ಲಿ ಎಷ್ಟೋ ಮಂದಿ ಎರಡು ಎಕರೆ ಹೊಲದವರು. ಈಗ ಜನವರಿ 21ನ್ನು ಸರ್ಕಾರವೇ ದಾಸೋಹ ದಿನ ಎಂದು ಆಚರಿಸುತ್ತದೆ.

ಚಿಕ್ಕಬಳ್ಳಾಪುರದ ಕಡೆ ಹೋದರೆ ಡಾ. ಎಚ್. ನರಸಿಂಹಯ್ಯನವರ ಹೆಸರು ಕೇಳದೆ ಇರುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಿಂದ ಬಂದವರು. ಬೆಂಗಳೂರಿನಲ್ಲಿ ದೊಡ್ಡ ಹುದ್ದೆ ಹಿಡಿದ ಮೇಲೂ ತಮ್ಮ ಸೀಮೆ ಮರೆಯಲಿಲ್ಲ. ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ಬಂದದ್ದರ ಹಿಂದೆ ಅವರ ದುಡಿಮೆ ಇದೆ. ನಮ್ಮ ಜಿಲ್ಲೆಗಳಲ್ಲಿ ಕೊಡುವುದು ಅಂದರೆ ಹೀಗೆ. ಯಾರೋ ಒಬ್ಬರು ಹೊಣೆ ಹೊರುತ್ತಾರೆ, ಊರು ಅವರ ಬೆನ್ನಿಗೆ ನಿಲ್ಲುತ್ತದೆ.

ಸರ್ಕಾರ ಇಷ್ಟೊಂದು ಯೋಜನೆ ಕೊಡುತ್ತೆ. ಇನ್ನು ಸಂಸ್ಥೆಗಳು ಯಾಕೆ?

ಯೋಜನೆ ಇರುತ್ತದೆ, ಜನಕ್ಕೆ ತಲುಪುವ ಕೊನೆಯ ನಾಲ್ಕು ಹೆಜ್ಜೆ ಇರುವುದಿಲ್ಲ. ಆ ನಾಲ್ಕು ಹೆಜ್ಜೆ ಜೊತೆಗೆ ನಡೆಯುವುದೇ ಊರಿನ ಸಂಸ್ಥೆಗಳ ಕೆಲಸ.

ಕ್ಷಯರೋಗದ ಉದಾಹರಣೆ ತಗೊಳ್ಳಿ. ಮಾತ್ರೆ ಸರ್ಕಾರದಿಂದ ಉಚಿತ. ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ 500 ರೂಪಾಯಿ ಖಾತೆಗೆ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಆದರೆ ಕೂಲಿ ಮಾಡುವ ಮನುಷ್ಯ ಆರು ತಿಂಗಳು ಗಟ್ಟಿ ಕೆಲಸ ಮಾಡಲಾರ. ಎರಡನೇ ತಿಂಗಳಿಗೆ ಕೆಮ್ಮು ನಿಂತರೆ ಮಾತ್ರೆ ಬಿಟ್ಟು ಕೂಲಿಗೆ ಹೋಗುತ್ತಾನೆ. ಆಶಾ ಕಾರ್ಯಕರ್ತೆ ಬಂದು ಹೇಳುತ್ತಾರೆ, ಪಾಪ, ಅವರಿಗೂ ಹತ್ತಾರು ಕೆಲಸ. ಈ ಆರು ತಿಂಗಳು ಆ ಮನೆಗೆ ಬೇಳೆ, ಎಣ್ಣೆ, ಮೊಟ್ಟೆ ಮುಟ್ಟಿಸಿ, ವಾರಕ್ಕೊಮ್ಮೆ ಹೋಗಿ "ಮಾತ್ರೆ ತಗೊಂಡ್ಯಾ ಅಣ್ಣ?" ಅಂತ ಕೇಳುವವರು ಬೇಕು. 2022ರಲ್ಲಿ ಶುರುವಾದ ನಿ-ಕ್ಷಯ್ ಮಿತ್ರ ಅನ್ನುವ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ರೋಗಿಗಳ ಆಹಾರದ ಹೊಣೆ ಹೊರಬಹುದು. ಒಬ್ಬ ವ್ಯಕ್ತಿ, ಒಂದು ಅಂಗಡಿ, ಒಂದು ಕ್ಲಬ್, ಯಾರಾದರೂ ಸರಿ. ಜಿಲ್ಲಾ ಕ್ಷಯರೋಗ ನಿಯಂತ್ರಣ ಕಚೇರಿಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ.

ಸರ್ಕಾರವೂ ದಾನಿಗಳೂ ಒಂದೇ ತಟ್ಟೆಗೆ ಕೈ ಹಾಕಿದ ಉದಾಹರಣೆ ಸರ್ಕಾರಿ ಶಾಲೆಗಳಲ್ಲೇ ಇದೆ. ಮೊದಲು ವಾರಕ್ಕೆ ಎರಡು ದಿನ ಮೊಟ್ಟೆ ಸರ್ಕಾರದ ದುಡ್ಡಲ್ಲಿ ಬರುತ್ತಿತ್ತು. 2024ರಲ್ಲಿ ಉಳಿದ ನಾಲ್ಕು ದಿನದ ಖರ್ಚು ಕೊಡಲು ಅಜೀಂ ಪ್ರೇಮ್‌ಜಿ ಫೌಂಡೇಶನ್ ಮುಂದೆ ಬಂತು. ಅದೇ ವರ್ಷ ಫೆಬ್ರವರಿಯಲ್ಲಿ ಬೆಳಗಿನ ಹಾಲಿಗೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಸೇರಿತು. ಅದು ನಮ್ಮ ಪಕ್ಕದ ಮುದ್ದೇನಹಳ್ಳಿಯ ಶ್ರೀ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್‌ನ ಕೊಡುಗೆ. ನಾನು ಹೋಗುವ ಶಾಲೆಗಳಲ್ಲಿ ಮಕ್ಕಳು ಲೋಟದ ತಳದಲ್ಲಿ ಉಳಿದ ರಾಗಿಯನ್ನು ಬೆರಳಿನಲ್ಲಿ ತೆಗೆದು ತಿನ್ನುವುದನ್ನು ನೋಡಿದ್ದೇನೆ. ಬೆಳಿಗ್ಗೆ ಮನೆಯಲ್ಲಿ ಏನೂ ತಿನ್ನದೆ ಬಂದ ಮಗು ಯಾವುದು ಅಂತ ಆಗ ತಿಳಿಯುತ್ತದೆ.

ನಮ್ಮ ಜಿಲ್ಲೆಯಲ್ಲಿ ಯಾವ ಕೆಲಸಕ್ಕೆ ಜಾಸ್ತಿ ಅಗತ್ಯ ಇದೆ?

ಜಿಲ್ಲೆಗೆ ಒಂದೇ ಉತ್ತರ ಇಲ್ಲ. ತುಮಕೂರು ಜಿಲ್ಲೆಯಲ್ಲಿ ಹತ್ತು ತಾಲ್ಲೂಕು. ತಿಪಟೂರು, ತುರುವೇಕೆರೆ ಕಡೆ ತೆಂಗು ಕೊಬ್ಬರಿ ಇದೆ, ಕೊಬ್ಬರಿ ಬೆಲೆ ಬಿದ್ದ ವರ್ಷ ಮಾತ್ರ ಕಷ್ಟ. ಪಾವಗಡ, ಮಧುಗಿರಿ, ಶಿರಾ ಕಡೆ ಮಳೆಯೇ ಕಷ್ಟ.

ಪಾವಗಡದಲ್ಲಿ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್. ಹಲ್ಲು ಕಂದು, ವಯಸ್ಸಿಗೆ ಮೊದಲೇ ಮಂಡಿ ಸೊಂಟ ಹಿಡಿದವರು ಹಳ್ಳಿ ಹಳ್ಳಿಯಲ್ಲಿದ್ದಾರೆ. ಅದೇ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಜಮೀನು ಗುತ್ತಿಗೆ ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಶುರುವಾಯಿತು. ಒಣ ಭೂಮಿ ಇದ್ದವರಿಗೆ ಅದು ನೆಮ್ಮದಿ. ಆದರೆ ಆ ಹೊಲಗಳಲ್ಲಿ ಕಳೆ ತೆಗೆದು, ಶೇಂಗಾ ಕಿತ್ತು ಬದುಕುತ್ತಿದ್ದ ಭೂಮಿ ಇಲ್ಲದವರಿಗೆ ಗುತ್ತಿಗೆ ಹಣ ಬರುವುದಿಲ್ಲ, ಕೂಲಿಯೂ ಹೋಯಿತು. ಆಡು ಕುರಿ ಮೇಯುವ ಜಾಗವೂ ಹೋಯಿತು. ಒಂದೇ ಊರಿನಲ್ಲಿ ಎರಡು ಮನೆಯ ಅಗತ್ಯ ಎಷ್ಟು ಬೇರೆ, ನೋಡಿ.

ಕೋಲಾರ, ಚಿಕ್ಕಬಳ್ಳಾಪುರಕ್ಕೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಕೆರೆಯೇ ಜೀವ. ಕೆಜಿಎಫ್‌ನಲ್ಲಿ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುವ ಮನೆಗಳು ಅಲ್ಲಿ ತುಂಬಾ ಇವೆ. ಅಂಥ ಮನೆಯ ಮಗುವಿಗೆ ಶಾಲೆ ಬಿಟ್ಟ ಮೇಲೆ ಸಂಜೆ ಏಳರ ತನಕ ಕೂರಲು ಒಂದು ಜಾಗ ಬೇಕು. ಶಿಡ್ಲಘಟ್ಟದ ರೇಷ್ಮೆ ಬಿಚ್ಚುವ ಘಟಕಗಳಲ್ಲಿ ದಿನವೆಲ್ಲ ಬಿಸಿನೀರಲ್ಲಿ ಕೈಯಾಡಿಸುವ ಹೆಂಗಸರಿಗೆ ಚರ್ಮದ, ಉಸಿರಿನ ತೊಂದರೆಗೆ ವೈದ್ಯರು ಬೇಕು. ಇವೆಲ್ಲ ಬೆಂಗಳೂರಿನ ಕಚೇರಿಯಲ್ಲಿ ಕೂತವರಿಗೆ ಹೊಳೆಯುವುದು ಕಷ್ಟ. ಅಲ್ಲೇ ಇರುವವರಿಗೆ ಗೊತ್ತಿರುತ್ತದೆ.

ವಸ್ತು ಕೊಡೋದು ಒಳ್ಳೇದಾ, ದುಡ್ಡು ಕೊಡೋದಾ?

ಮೊದಲು ಒಂದು ಶಾಲೆಯ ಕತೆ ಹೇಳುತ್ತೇನೆ. ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ. ಅಡುಗೆ ಮನೆಯ ಪಕ್ಕದ ಕೋಣೆಯಲ್ಲಿ ನೀರು ಶುದ್ಧ ಮಾಡುವ ಯಂತ್ರ ಇತ್ತು. ಅದರ ಮೇಲೆ ಹೂವಿನ ಕಸೂತಿಯ ಬಟ್ಟೆ ಹೊದಿಸಿ, ಹಳೆಯ ಹಾಜರಿ ಪುಸ್ತಕಗಳನ್ನು ಜೋಡಿಸಿಟ್ಟಿದ್ದರು. ನಲ್ಲಿಗೆ ಜೇಡ ಬಲೆ ಕಟ್ಟಿತ್ತು. ಅಡುಗೆಯ ಅಕ್ಕ ಮಾತ್ರ ಊರಿನ ಶುದ್ಧ ನೀರಿನ ಘಟಕಕ್ಕೆ ಹೋಗಿ, ಐದು ರೂಪಾಯಿ ನಾಣ್ಯ ಹಾಕಿ, ಇಪ್ಪತ್ತು ಲೀಟರ್ ಕ್ಯಾನ್ ಸೊಂಟದ ಮೇಲೆ ಹೊತ್ತು ತರುತ್ತಿದ್ದರು. ಎಷ್ಟೋ ದಿನ ಆ ಐದು ರೂಪಾಯಿ ಅವರದೇ.

"ಯಂತ್ರ ಕೆಟ್ಟಿದೆಯಾ ಸಾರ್?" ಅಂತ ಹೆಡ್‌ಮಾಸ್ಟರನ್ನು ಕೇಳಿದೆ.

"ಕೆಟ್ಟಿಲ್ಲ. ಒಳಗಿನ ಫಿಲ್ಟರ್ ಬದಲಿಸ್ಬೇಕು. ಕೊಟ್ಟೋರು ಒಂದು ವರ್ಷ ನೋಡ್ಕೊಂಡ್ರು. ಆಮೇಲೆ ಯಾರ ಲೆಕ್ಕಕ್ಕೆ ಹಾಕೋದು ಅಂತ ಗೊತ್ತಾಗ್ಲಿಲ್ಲ."

ಕೊಟ್ಟವರ ಮನಸ್ಸು ಚೆನ್ನಾಗಿಯೇ ಇತ್ತು. ಯಂತ್ರವೂ ಒಳ್ಳೆಯದೇ. ಬೇಕಾಗಿದ್ದದ್ದು ವರ್ಷಕ್ಕೆ ಆರು ಸಾವಿರ ರೂಪಾಯಿ. ಅದೇ ಶಾಲೆಯಲ್ಲಿ ಓದಿ ಈಗ ತುಮಕೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವವರೊಬ್ಬರಿಗೆ ಈ ವಿಷಯ ಹೇಳಿದೆವು. "ಅಷ್ಟೇನಾ?" ಅಂದರು. ನಾಲ್ಕು ವರ್ಷದಿಂದ ಪ್ರತಿ ಜೂನ್‌ನಲ್ಲಿ ಮೆಕ್ಯಾನಿಕ್‌ಗೆ ಅವರೇ ದುಡ್ಡು ಕೊಡುತ್ತಾರೆ. ಅಡುಗೆಯ ಅಕ್ಕನ ಸೊಂಟಕ್ಕೆ ಕ್ಯಾನ್ ಹೊರುವುದು ತಪ್ಪಿದೆ.

ಹಾಗಾಗಿ ವಸ್ತು ಕೊಡುವುದಾದರೆ ಅದರ ಜೊತೆ ಐದು ವರ್ಷದ ರಿಪೇರಿ ಖರ್ಚನ್ನೂ ಇಡಿ. ಕಂಪ್ಯೂಟರ್ ಆದರೆ ಯುಪಿಎಸ್ ಬ್ಯಾಟರಿ, ಹೊಲಿಗೆ ಯಂತ್ರ ಆದರೆ ಸೂಜಿ, ದಾರ, ಕಲಿಸುವವರು. ಮತ್ತೆ, ಕೊಳ್ಳುವ ಮೊದಲು ಒಂದು ಫೋನ್ ಮಾಡಿ. ಸ್ಕೂಲ್ ಬ್ಯಾಗ್ ಒಂದೇ ಜೂನ್‌ನಲ್ಲಿ ಮೂರು ಕಡೆಯಿಂದ ಬಂದು, ಅದೇ ಮಕ್ಕಳಿಗೆ ಚಪ್ಪಲಿ ಇಲ್ಲದೆ ಹೋದದ್ದೂ ಇದೆ. ಏನು ಬೇಕು ಅಂತ ಗೊತ್ತಿಲ್ಲದಿದ್ದರೆ ದುಡ್ಡೇ ಕೊಡಿ. ಅವರು ಬೇಕಾದದ್ದು ತಗೊಳ್ಳುತ್ತಾರೆ.

ನಾವು ಕೊಟ್ಟ ದುಡ್ಡು ಸಂಬಳಕ್ಕೆ ಹೋಗುತ್ತಂತೆ. ಸೇವೆ ಅಂದಮೇಲೆ ಉಚಿತವಾಗಿ ಮಾಡ್ಬೇಕಲ್ವಾ?

ನನ್ನನ್ನು ಅತಿ ಹೆಚ್ಚು ಕಾಡಿದ ಪ್ರಶ್ನೆ ಇದು.

ಕೊರಟಗೆರೆ ಕಡೆಯ ಒಂದು ಹಳ್ಳಿಯಲ್ಲಿ ಆಂಜನೇಯನ ಗುಡಿಯ ಜಗಲಿಯ ಮೇಲೆ ನಾವು ಸಂಜೆ ಪಾಠ ನಡೆಸುತ್ತಿದ್ದೆವು. ಇಪ್ಪತ್ತೆರಡು ಮಕ್ಕಳು. ಐದನೇ ಕ್ಲಾಸಿಗೆ ಬಂದರೂ ಓದಲು ಬಾರದವರೇ ಜಾಸ್ತಿ. ಕಲಿಸುತ್ತಿದ್ದವಳು ಪಿಯುಸಿ ಮುಗಿಸಿದ ಅದೇ ಊರಿನ ಹುಡುಗಿ. ತಿಂಗಳಿಗೆ ಐದು ಸಾವಿರ ಕೊಡುತ್ತಿದ್ದೆವು. ಆ ಹುಡುಗಿಗೆ ಯಾವ ಮಗುವಿನ ಅಪ್ಪ ಕುಡಿದು ಬರುತ್ತಾನೆ, ಯಾವ ಮಗುವಿಗೆ ಕಣ್ಣು ಮಂಜು, ಎಲ್ಲ ಗೊತ್ತು. ಒತ್ತಕ್ಷರ ಕಲಿಸಲು ಹುಣಸೆ ಬೀಜ ಜೋಡಿಸಿ ಆಟ ಮಾಡಿದ್ದಳು. ಎಂಟು ತಿಂಗಳಲ್ಲಿ ಹದಿನಾರು ಮಕ್ಕಳು ಪಾಠದ ಪುಸ್ತಕ ತಡವರಿಸದೆ ಓದಿದರು.

ಆ ವರ್ಷ ನಮಗೆ ದುಡ್ಡು ಕೊಡುತ್ತಿದ್ದ ಒಂದು ದೊಡ್ಡ ಸಂಸ್ಥೆ ಪತ್ರ ಬರೆಯಿತು. ಇನ್ನು ಮುಂದೆ ಪುಸ್ತಕ, ಸಾಮಗ್ರಿಗಷ್ಟೇ ಹಣ, ಸಂಬಳಕ್ಕೆ ಇಲ್ಲ ಅಂತ. ಎರಡು ತಿಂಗಳು ನಾವೇ ಕೈಯಿಂದ ಹಾಕಿದೆವು. ಮೂರನೇ ತಿಂಗಳು ಆಗಲಿಲ್ಲ. ಹುಡುಗಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋದಳು, ಮನೆಯಲ್ಲಿ ಸಾಲ ಇತ್ತು, ತಪ್ಪು ಅನ್ನಲಾಗದು. ಹೊಸ ಪುಸ್ತಕದ ಎರಡು ಪೆಟ್ಟಿಗೆ ಬಂದವು. ಬಿಚ್ಚಿ ಓದಿಸುವವರೇ ಇರಲಿಲ್ಲ. ದೀಪಾವಳಿಗೆ ಮೊದಲು ಆ ಊರಿಗೆ ಹೋದಾಗ ಒಬ್ಬ ಹುಡುಗ ಸೈಕಲ್ ನಿಲ್ಲಿಸಿ "ಅಕ್ಕ ಯಾವಾಗ ಬರ್ತಾರೆ ಸಾರ್?" ಅಂದ. ನನಗೆ ಉತ್ತರ ಹೇಳಲು ಬರಲಿಲ್ಲ.

ಸೇವೆಯ ಕೆಲಸದಲ್ಲಿ ಸಂಬಳವೇ ಸೇವೆ. ಕುಷ್ಠ ರೋಗಿಯ ಗಾಯ ತೊಳೆಯುವುದು ಒಬ್ಬ ನರ್ಸ್. ವಿಧವಾ ವೇತನ ನಿಂತುಹೋದ ಅಜ್ಜಿಯನ್ನು ನಾಡಕಚೇರಿಗೆ ಕರೆದುಕೊಂಡು ಹೋಗುವುದು ಒಬ್ಬ ಕಾರ್ಯಕರ್ತೆ. ಅವರೂ ಮನೆ ಬಾಡಿಗೆ ಕಟ್ಟಬೇಕು, ಬಸ್ಸಿಗೆ ಟಿಕೆಟ್ ತಗೊಳ್ಳಬೇಕು. ಸಂಬಳ ಅತಿಯಾಗಿದೆಯಾ, ಮನೆಯವರೇ ಹಂಚಿಕೊಂಡಿದ್ದಾರಾ ಅಂತ ನೋಡಿ. ಅದು ನಿಮ್ಮ ಹಕ್ಕು. ಸಂಬಳ ಇದೆ ಅನ್ನುವುದನ್ನೇ ತಪ್ಪು ಎಂದು ತಿಳಿಯಬೇಡಿ. ನನ್ನನ್ನು ಕೇಳಿದರೆ, ಒಂದೇ ಸಲ ಅರವತ್ತು ಸಾವಿರದ ವಸ್ತು ಕೊಡುವುದಕ್ಕಿಂತ ಆ ಹುಡುಗಿಯಂಥ ಒಬ್ಬರಿಗೆ ವರ್ಷವಿಡೀ ತಿಂಗಳಿಗೆ ಐದು ಸಾವಿರ ಕೊಡುವುದು ದೊಡ್ಡ ದಾನ.

ಒಂದು ಸಂಸ್ಥೆ ನಿಜವಾದದ್ದು ಅಂತ ತಿಳಿಯೋದು ಹೇಗೆ?

ಕಾಗದ ನೋಡಿ, ಕೆಲಸವನ್ನೂ ನೋಡಿ.

ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿರಬೇಕು. ಟ್ರಸ್ಟ್ ಆದರೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದ ಟ್ರಸ್ಟ್ ಡೀಡ್ ಇರಬೇಕು. ಪಾನ್ ಕಾರ್ಡ್ ಮತ್ತು ಬ್ಯಾಂಕ್ ಖಾತೆ ಸಂಸ್ಥೆಯ ಹೆಸರಿನಲ್ಲೇ ಇರಬೇಕು. ಅಧ್ಯಕ್ಷರ ಸ್ವಂತ ಫೋನ್ ನಂಬರಿಗೆ ಯುಪಿಐ ಮಾಡಿ ಅಂದರೆ ಬೇಡ ಅನ್ನಿ. ಹಿಂದಿನ ಮೂರು ವರ್ಷದ ಆಡಿಟ್ ರಿಪೋರ್ಟ್ ಕೇಳಿ. ಒಳ್ಳೆಯ ಸಂಸ್ಥೆಯವರು ಮುಖ ಸಣ್ಣದು ಮಾಡದೆ ಕೊಡುತ್ತಾರೆ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಹೆಸರು ಹುಡುಕಬಹುದು. ಆದರೆ ಅಲ್ಲಿ ಹೆಸರು ಇದ್ದ ಮಾತ್ರಕ್ಕೆ ಕೆಲಸ ಒಳ್ಳೆಯದು ಅಂತಲ್ಲ.

ಆಮೇಲೆ ಒಂದು ದಿನ ಹೇಳದೆ ಹೋಗಿ. ಸಂಸ್ಥೆಯವರ ಜೊತೆಗಿಂತ ಪಕ್ಕದ ಟೀ ಅಂಗಡಿಯವರ ಜೊತೆ, ಅಂಗನವಾಡಿ ಟೀಚರ್ ಜೊತೆ, ಹಾಲಿನ ಡೈರಿಗೆ ಬಂದ ಹೆಂಗಸರ ಜೊತೆ ಜಾಸ್ತಿ ಮಾತಾಡಿ. ಊರಿಗೆ ಎಲ್ಲ ಗೊತ್ತಿರುತ್ತದೆ. ಹತ್ತಿರದಲ್ಲೇ ಕೊಡುವುದರ ದೊಡ್ಡ ಲಾಭ ಇದೇ. ದೆಹಲಿಯ ಸಂಸ್ಥೆಗೆ ಕೊಟ್ಟರೆ ಹೋಗಿ ನೋಡಲಾಗುತ್ತದಾ? ಗುಬ್ಬಿಗೆ ಬಸ್ಸು ಹತ್ತಿ ಹೋಗಬಹುದು.

ತೆರಿಗೆ ವಿನಾಯಿತಿ ಸಿಗುತ್ತಾ?

ಸಂಸ್ಥೆಗೆ 80ಜಿ ನೋಂದಣಿ ಇದ್ದರೆ, ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಸಿಗುತ್ತದೆ. ಸಾಮಾನ್ಯವಾಗಿ ಕೊಟ್ಟ ಹಣದ ಅರ್ಧದಷ್ಟನ್ನು ಆದಾಯದಲ್ಲಿ ಕಳೆಯಬಹುದು, ಅದಕ್ಕೂ ಆದಾಯದ ಶೇಕಡಾ 10ರ ಮಿತಿ ಇದೆ. ಹೊಸ ಪದ್ಧತಿಯಲ್ಲಿ ಇದು ಇಲ್ಲ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಇಲ್ಲ, ಹಾಗಾಗಿ ಚೆಕ್ ಅಥವಾ ಯುಪಿಐ ಮಾಡಿ. ಬರೀ ರಸೀದಿ ಸಾಲದು. ನಿಮ್ಮ ಪಾನ್ ಸಂಖ್ಯೆ ಸೇರಿಸಿ ಸಂಸ್ಥೆ ಇಲಾಖೆಗೆ ವರದಿ ಸಲ್ಲಿಸಿ, 10ಬಿಇ ಪ್ರಮಾಣಪತ್ರ ಕೊಡಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆಯ ಲೆಕ್ಕ, ಕಲಂಗಳ ಸಂಖ್ಯೆಯೂ ಬೇರೆ. ನಿಮ್ಮ ಆಡಿಟರ್ ಹತ್ತಿರ ಒಂದು ಮಾತು ಕೇಳಿಕೊಳ್ಳಿ.

ಮಗ ಅಮೆರಿಕದಲ್ಲಿದ್ದಾನೆ. ಊರಿನ ಸಂಸ್ಥೆಗೆ ಕಳಿಸಬಹುದಾ?

ಅವನ ಹತ್ತಿರ ಭಾರತದ ಪಾಸ್‌ಪೋರ್ಟ್ ಇದ್ದು, ತನ್ನ ಸ್ವಂತ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಆಗ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇರಲೇಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಂದು ಸಂಸ್ಥೆ ತನಗೆ ಬಂದದ್ದನ್ನು ಇನ್ನೊಂದು ಸಂಸ್ಥೆಗೆ ಹಂಚುವ ಹಾಗೂ ಇಲ್ಲ. ಹಳ್ಳಿಯ ಎಷ್ಟೋ ಚಿಕ್ಕ ಸಂಸ್ಥೆಗಳು ದೊಡ್ಡ ಸಂಸ್ಥೆಗಳ ಮೂಲಕವೇ ನಡೆಯುತ್ತಿದ್ದವು. ಆ ದಾರಿ ಮುಚ್ಚಿದ ಮೇಲೆ ಊರಿನವರ ದುಡ್ಡೇ ಅವಕ್ಕೆ ಆಸರೆ.

ಇಷ್ಟು ಫ್ಯಾಕ್ಟರಿ ಬಂದಿವೆ. ಅವರ ಸಿಎಸ್‌ಆರ್ ಹಣ ನಮ್ಮ ಊರಿಗೆ ಬರೋದು ಹೇಗೆ?

ವಸಂತನರಸಾಪುರ, ನರಸಾಪುರ, ವೇಮಗಲ್, ಮಾಲೂರು, ಗೌರಿಬಿದನೂರು, ಎಲ್ಲ ಕಡೆ ಕೈಗಾರಿಕಾ ಪ್ರದೇಶ ಇವೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಯಾವುದಾದರೂ ಒಂದು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಅದೇ ಸಿಎಸ್‌ಆರ್ ಹಣ. ಕಂಪನಿ ಇರುವ ಜಾಗದ ಸುತ್ತಮುತ್ತ ಮೊದಲ ಆದ್ಯತೆ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಆ ಸಾಲು ನೆನಪಿಟ್ಟುಕೊಳ್ಳಿ, ಮಾತಾಡುವಾಗ ಉಪಯೋಗಕ್ಕೆ ಬರುತ್ತದೆ.

ಆ ಹಣ ಪಡೆಯಲು ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ 12ಎ ಮತ್ತು 80ಜಿ ನೋಂದಣಿ ಬೇಕು, ಅಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಬೇಕು, ಸಿಎಸ್‌ಆರ್-1 ಅನ್ನುವ ನಮೂನೆ ಸಲ್ಲಿಸಿ ಸಂಖ್ಯೆ ಪಡೆದಿರಬೇಕು. ನಮ್ಮಂಥವರಿಗೆ ಇದು ಹೊರೆಯೇ. ಎಷ್ಟೋ ಒಳ್ಳೆಯ ಮಹಿಳಾ ಸಂಘಗಳು ಈ ಕಾಗದದ ಬಾಗಿಲಲ್ಲೇ ನಿಂತುಬಿಡುತ್ತವೆ. ಇದಕ್ಕೊಂದು ದಾರಿ, ಅರ್ಹತೆ ಇರುವ ದೊಡ್ಡ ಸಂಸ್ಥೆ ಯೋಜನೆ ಹೊತ್ತುಕೊಂಡು, ಊರಿನ ಸಂಘದ ಜೊತೆ ಸೇರಿ ಮಾಡುವುದು.

ಒಂದು ಎಚ್ಚರಿಕೆ. ಲೆಕ್ಕದ ವರ್ಷ ಮುಗಿಯುವ ಮಾರ್ಚ್ ಹತ್ತಿರ ಬಂದಾಗ ಕೆಲವು ಕಂಪನಿಯವರು ಅವಸರದಲ್ಲಿ ಬರುತ್ತಾರೆ, "ಇಪ್ಪತ್ತು ದಿನದಲ್ಲಿ ಮುಗಿಸಿ" ಅನ್ನುತ್ತಾರೆ. ಇಪ್ಪತ್ತು ದಿನದಲ್ಲಿ ಗೋಡೆಗೆ ಬಣ್ಣ ಬಳಿಯಬಹುದು, ಮಗುವಿಗೆ ಓದು ಬರುವುದಿಲ್ಲ. ಬಣ್ಣ ಬೇಕಿದ್ದರೆ ಬಳಿಸಿಕೊಳ್ಳಿ. ಇಲ್ಲದಿದ್ದರೆ ಬಹುವರ್ಷದ ಯೋಜನೆಗೂ ಕಾಯ್ದೆಯಲ್ಲಿ ಅವಕಾಶ ಇದೆ ಅಂತ ಗೌರವದಿಂದ ಹೇಳಿ.

ಹುಟ್ಟುಹಬ್ಬಕ್ಕೆ, ತಿಥಿಗೆ ಹಾಸ್ಟೆಲ್ ಮಕ್ಕಳಿಗೆ ಊಟ ಹಾಕಿಸಬಹುದಾ?

ಖಂಡಿತ. ಒಳ್ಳೆಯ ಸಂಪ್ರದಾಯ. ಆದರೆ ದಿನ ಮೊದಲೇ ಕೇಳಿ ಗೊತ್ತುಮಾಡಿಕೊಳ್ಳಿ. ಭಾನುವಾರ ಮೂರು ಕಡೆಯಿಂದ ಹೋಳಿಗೆ ಬಂದು, ಬುಧವಾರ ತಿಳಿಸಾರಲ್ಲೇ ಮುಗಿಯುವುದು ಬೇಡ. ನಾನು ಬೇಡಿಕೊಳ್ಳುವುದು ಇನ್ನೊಂದು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಗೆ ಲಾಡು ಕೊಟ್ಟು ಫೋಟೋ ತೆಗೆಯಬೇಡಿ. ಪಾಲನಾ ಗೃಹದ ಮಕ್ಕಳ ಗುರುತು ಹೊರಗೆ ಹಾಕಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯಲ್ಲೂ ಇದೆ. ಕಾಯ್ದೆ ಪಕ್ಕಕ್ಕಿಡಿ, ಹದಿಮೂರು ವರ್ಷದ ಹುಡುಗಿಗೆ ತನ್ನ ಫೋಟೋ ಊರವರ ವಾಟ್ಸಾಪ್‌ನಲ್ಲಿ ಹೀಗೆ ಓಡಾಡಿದರೆ ಹೇಗನ್ನಿಸುತ್ತೆ? ಫೋಟೋ ಬಿಟ್ಟು ಅವರ ಜೊತೆ ಪಂಕ್ತಿಯಲ್ಲಿ ಕೂತು ಊಟ ಮಾಡಿ. ಮಕ್ಕಳು ಎಷ್ಟು ಮಾತಾಡುತ್ತಾರೆ ಗೊತ್ತಾ!

ಕೊಟ್ಟವರ ಹೆಸರು ಬರೆಸಬೇಕಾ?

ಬೇಕು ಅಂದವರಿಗೆ ಬರೆಸಿ. ಅದರಲ್ಲಿ ತಪ್ಪಿಲ್ಲ, ನೋಡಿ ಇನ್ನೊಬ್ಬರು ಕೊಡುತ್ತಾರೆ. ತಟ್ಟೆ ಲೋಟದ ಮೇಲೆ ಮಾತ್ರ ಬೇಡ.

ನಮ್ಮೂರ ಕೆರೆ ಹೂಳೆತ್ತಿಸೋಣ ಅಂತಿದ್ದೇವೆ. ಸುಮ್ನೆ ಜೆಸಿಬಿ ತಂದು ಶುರು ಮಾಡಬಹುದಾ?

ಬೇಡ. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಡಿಮೆ ಇರುವ ಕೆರೆ ಪಂಚಾಯಿತಿ ಕಡೆಗೆ ಬರುತ್ತದೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ. ಅವರ ಅನುಮತಿ ಬೇಕು. ಗ್ರಾಮಸಭೆಯಲ್ಲಿ ವಿಷಯ ಇಟ್ಟು, ಕೆರೆಯ ಹದ್ದುಬಸ್ತು ಮಾಡಿಸಿ. ದುಡ್ಡು ಹಾಕುವುದಾದರೆ ಮೊದಲು ನೀರು ಬರುವ ಕಾಲುವೆಗೆ ಹಾಕಿ. ಕಾಲುವೆ ಒತ್ತುವರಿ ಆಗಿ ಮುಚ್ಚಿಹೋಗಿದ್ದರೆ ಎಷ್ಟು ಆಳ ತೆಗೆದರೂ ನೀರು ಬರುವುದಿಲ್ಲ. ಆಮೇಲೆ ತೂಬು, ಕೋಡಿ, ಏರಿಯ ಮೇಲಿನ ಜಾಲಿ. ಹೂಳನ್ನು ರೈತರು ತಮ್ಮ ಟ್ರ್ಯಾಕ್ಟರ್‌ನಲ್ಲಿ ಹೊಲಕ್ಕೆ ಹೊಡೆದುಕೊಂಡರೆ ಅರ್ಧ ಖರ್ಚು ಉಳಿಯುತ್ತದೆ, ಹೊಲಕ್ಕೂ ಒಳ್ಳೆಯ ಗೋಡು. ಕೋಲಾರ ಜಿಲ್ಲೆಯಲ್ಲಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆರೆಗಳಿಗೆ ಬರುತ್ತಿದೆ. ಅಂಥ ಕೆರೆಯಾದರೆ ನೀರಿನ ಪರೀಕ್ಷೆಗೂ ಪ್ರತಿ ವರ್ಷ ಸ್ವಲ್ಪ ಹಣ ಎತ್ತಿಡಿ.

ನಮ್ಮದು ಚಿಕ್ಕ ಸಂಘ. ಯಾರನ್ನು ಕೇಳೋದು, ಹೇಗೆ ಕೇಳೋದು?

ಕೇಳುವುದಕ್ಕೆ ಸಂಕೋಚ ಬೇಡ, ನಿಮಗಾಗಿ ಕೇಳುತ್ತಿಲ್ಲ. ದೊಡ್ಡವರಿಂದ ಶುರು ಮಾಡಬೇಡಿ. ಊರಿನ ಐವತ್ತು ಮನೆಯಿಂದ ತಿಂಗಳಿಗೆ ನೂರು ರೂಪಾಯಿ ಬಂದರೆ ಐದು ಸಾವಿರ. ಕೊರಟಗೆರೆಯ ಆ ಜಗಲಿ ಶಾಲೆ ಈಗ ಮತ್ತೆ ನಡೆಯುತ್ತಿರುವುದು ಹೀಗೆಯೇ. ಮೊದಲು ಕೊಟ್ಟವರು ಹಾಲಿನ ಡೈರಿ ಕಾರ್ಯದರ್ಶಿ. ಆಮೇಲೆ ಕಿರಾಣಿ ಅಂಗಡಿಯವರು, ಆಮೇಲೆ ಮಕ್ಕಳ ಅಮ್ಮಂದಿರೇ. ಕಲಿಸುತ್ತಿರುವುದು ಇನ್ನೊಬ್ಬ ಹುಡುಗಿ.

ಬೆಂಗಳೂರಿಗೆ ಹೋದ ಊರಿನವರು ಜಾತ್ರೆಗೆ, ಯುಗಾದಿಗೆ ಬರುತ್ತಾರೆ. ಆಗ ಕರೆದು ತೋರಿಸಿ. ಎಪಿಎಂಸಿ ಮಂಡಿಯವರ ಹತ್ತಿರ ಸೀಸನ್‌ನಲ್ಲಿ ಹೋಗಿ, ತಿಪಟೂರಿನಲ್ಲಿ ಕೊಬ್ಬರಿ ಹರಾಜಿನ ದಿನ, ಕೋಲಾರದಲ್ಲಿ ಟೊಮೆಟೊಗೆ ಬೆಲೆ ಇರುವಾಗ. ಬೆಲೆ ಬಿದ್ದ ದಿನ ಹೋಗಿ ಅವರನ್ನೂ ನೋಯಿಸಬೇಡಿ. ಬಂದ ಹಣ, ಆದ ಖರ್ಚು ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಪ್ರತಿ ತಿಂಗಳು ಡೈರಿ ಗೋಡೆಗೆ ಅಂಟಿಸಿ. ನೂರು ರೂಪಾಯಿ ಕೊಟ್ಟವರೂ ನಿಂತು ಓದುತ್ತಾರೆ.

ಒಂದು ಸಲ ಕೊಟ್ಟು ಮೋಸ ಹೋಗಿದ್ದೇನೆ. ಮತ್ತೆ ಯಾಕೆ ಕೊಡಲಿ?

ನಿಮ್ಮ ನೋವು ನಿಜ. ಮುಂದಿನ ಸಲ ಸ್ವಲ್ಪ ಕೊಡಿ, ಆರು ತಿಂಗಳು ನೋಡಿ, ಆಮೇಲೆ ಜಾಸ್ತಿ ಮಾಡಿ. ಯಾರದೋ ತಪ್ಪಿಗೆ ಆ ಅಡುಗೆಯ ಅಕ್ಕ, ಆ ಮಕ್ಕಳು ಬೆಲೆ ತೆರಬಾರದು ಅಲ್ವಾ?

ದುಡ್ಡಿಲ್ಲ, ಸಮಯ ಇದೆ. ಬೇಕಾಗುತ್ತಾ?

ಬೇಕೇ ಬೇಕು. ನಮ್ಮ ಕಚೇರಿಯ ಲೆಕ್ಕದ ಪುಸ್ತಕ ಎರಡು ವರ್ಷ ಹಿಂದೆ ಬಿದ್ದಿತ್ತು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಶನಿವಾರ ಬೆಳಿಗ್ಗೆ ಹತ್ತಕ್ಕೆ ಬರಲು ಶುರು ಮಾಡಿದರು. ಓಚರ್‌ಗಳನ್ನು ತಿಂಗಳುವಾರು ದಾರದಲ್ಲಿ ಪೋಣಿಸಿ, ಒಂದೊಂದಕ್ಕೂ ಪೆನ್ಸಿಲ್‌ನಲ್ಲಿ ನಂಬರ್ ಹಾಕಿದರು. ನಾವು 80ಜಿ ನೋಂದಣಿ ನವೀಕರಿಸಿಕೊಂಡದ್ದು ಅವರಿಂದ. ಟೀ ಬಿಟ್ಟರೆ ಏನೂ ತಗೊಳ್ಳುವುದಿಲ್ಲ, ಅದಕ್ಕೂ ಸಕ್ಕರೆ ಬೇಡ.

ನಾಡಕಚೇರಿಯ ಅರ್ಜಿ ತುಂಬಲು ಬರುವವರು, ವಾರಕ್ಕೊಂದು ದಿನ ಇಂಗ್ಲಿಷ್ ಹೇಳಿಕೊಡುವವರು, ಸ್ಕೂಟರ್ ಇದ್ದು ರೋಗಿಯನ್ನು ಜಿಲ್ಲಾಸ್ಪತ್ರೆಗೆ ಬಿಟ್ಟು ಬರುವವರು, ಎಲ್ಲರಿಗೂ ಕೆಲಸ ಇದೆ. ಒಂದೇ ಮಾತು ಕೇಳುತ್ತೇನೆ. ಬರುತ್ತೇನೆ ಅಂದ ದಿನ ಬನ್ನಿ. ಆಗದಿದ್ದರೆ ಹಿಂದಿನ ದಿನವೇ ಹೇಳಿ. ಆ ಅಜ್ಜಿ ಬೆಳಿಗ್ಗೆಯೇ ಸೀರೆ ಬದಲಿಸಿ, ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು, ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತಿರುತ್ತಾರೆ.